ಒಂದು ನಿಮಿಷದ ಧ್ವನಿ: ಹದಿಹರೆಯದ ಮಕ್ಕಳು, ಮೊಬೈಲು ಮತ್ತು ಪರಾನುಭೂತಿ

(ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರ ಪ್ರಶಿಕ್ಷಣ ವರ್ಗದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮೊಬೈಲಿನ ವಿಷಯ ಎತ್ತಿದ ಕೂಡಲೇ ನಮ್ಮ ಸಭೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಮೊಬೈಲು ಮಕ್ಕಳನ್ನು ಕೆಡಿಸಿತು ಎಂಬುದು ಒಂದು. ಮೊಬೈಲಿಲ್ಲದೆ ಇನ್ನು ಶಿಕ್ಷಣವೇ ಇಲ್ಲ ಎಂಬುದು ಇನ್ನೊಂದು. ಈ ಎರಡೂ ಮಾತುಗಳನ್ನು ನಾನೇ ಆಡಿದ್ದೇನೆ. 2020ರಲ್ಲಿ ಶಾಲೆಗಳು ಮುಚ್ಚುವ ಮೊದಲು ಒಂದನ್ನು, ಮುಚ್ಚಿದ ಮೇಲೆ ಇನ್ನೊಂದನ್ನು ಆಡಿದೆ. ಆದ್ದರಿಂದ ಇಂದು ಯಾವ ಪಕ್ಷವನ್ನೂ ಹಿಡಿಯುವ ಅಧಿಕಾರ ನನಗಿಲ್ಲ. ಸಂಯೋಜಕರು ನನಗೆ ಕೊಟ್ಟ ವಿಷಯ ದೊಡ್ಡದು: ಮೊಬೈಲ್ ತಂತ್ರಜ್ಞಾನದ ಮೂಲಕ ಹದಿಹರೆಯದವರಲ್ಲಿ ಪರಾನುಭೂತಿಯನ್ನು ಬೆಳೆಸುವುದು. ನಾನು ಅದನ್ನು ಕಿರಿದು ಮಾಡಿಕೊಂಡು, ಎಲ್ಲ ಫೋನುಗಳಲ್ಲಿಯೂ ಇರುವ, ಯಾರೂ ಬಳಸದ ಒಂದು ಸಾಧನದ ಬಗೆಗೆ, ಅಂದರೆ ಧ್ವನಿಮುದ್ರಣದ ಬಗೆಗೆ ಮಾತ್ರ ಮಾತನಾಡುತ್ತೇನೆ.

ಮೊದಲು ಶಬ್ದದ ವಿಚಾರ. ‘ಪರಾನುಭೂತಿ’ ಎಂಬುದು ಪ್ರಶಿಕ್ಷಣದ ಕಾಗದಗಳಿಂದ ನಮ್ಮಲ್ಲಿಗೆ ಬಂದ ಪದ. ನಮ್ಮ ಊರಿನ ಯಾವ ಅವ್ವನೂ ಇದನ್ನು ಆಡುವುದಿಲ್ಲ. ಹಳೆಯ ಪದವೊಂದಿದೆ, ‘ಅನುಕಂಪ’. ಇಂದು ಅದು ‘ಅಯ್ಯೋ ಪಾಪ’ ಎಂಬ ಅರ್ಥಕ್ಕೆ ಇಳಿದುಬಿಟ್ಟಿದೆ. ಸರಕಾರಿ ಕಚೇರಿಯಲ್ಲಿ ಅನುಕಂಪದ ನೌಕರಿ ಎಂಬ ಬಳಕೆಯೂ ಇದೆ. ಆದರೆ ಪದವನ್ನು ಬಿಡಿಸಿ ನೋಡಿರಿ: ‘ಅನು’ ಎಂದರೆ ಹಿಂದೆಯೇ, ಜೊತೆಯಲ್ಲಿಯೇ, ‘ಕಂಪ’ ಎಂದರೆ ನಡುಕ. ಒಬ್ಬನು ನಡುಗಿದಾಗ ಅವನ ಹಿಂದೆಯೇ ನಾನೂ ನಡುಗುವುದು. ತರಗತಿಯಲ್ಲಿ ಈ ಪದವನ್ನು ಹೀಗೆ ಬಿಡಿಸಿ ತೋರಿಸಿದಾಗ ಮಕ್ಕಳಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಇನ್ನು ಒಂದು ಪ್ರಸಂಗ. ಗಡಿಭಾಗದ ಒಂದು ಮಾಧ್ಯಮಿಕ ಶಾಲೆ, ಹೆಸರು ಬೇಡ. ಇಯತ್ತೆ ಒಂಬತ್ತನೆಯ ವರ್ಗದಲ್ಲಿ ಮರಾಠಿ ತಾಸು ನಡೆದಿತ್ತು. ಒಬ್ಬ ಹುಡುಗಿ ಎದ್ದು ನಿಂತು ಪಾಠ ಓದುತ್ತಿದ್ದಳು. ಅವಳ ಮನೆಯಲ್ಲಿ ಕನ್ನಡವಲ್ಲದೆ ಬೇರೆ ನುಡಿಯಿಲ್ಲ. ಮರಾಠಿಯ ‘ಚ’ಕಾರಕ್ಕೆ ಎರಡು ಉಚ್ಚಾರಗಳಿರುವುದು ನಿಮಗೆಲ್ಲ ತಿಳಿದದ್ದೇ. ನಾಲ್ಕು ಎಂಬರ್ಥದ ‘ಚಾರ’ದಲ್ಲಿ ಒಂದು, ಗಾಲಿ ಎಂಬರ್ಥದ ‘ಚಾಕ’ದಲ್ಲಿ ಇನ್ನೊಂದು. ಆ ಎರಡನೆಯದು ಅವಳ ನಾಲಗೆಗೆ ಒಗ್ಗಿರಲಿಲ್ಲ. ಹಿಂದಿನ ಬಾಕಿನಿಂದ ಒಬ್ಬ ಹುಡುಗ ಅದನ್ನು ಚಿತ್ರೀಕರಿಸಿದ. ನಗುವ ಮುಖಗಳನ್ನು ಅಂಟಿಸಿ ವರ್ಗದ ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆಯ ಹೊತ್ತಿಗೆ ಅದು ಪಕ್ಕದ ಮರಾಠಿ ಶಾಲೆಯ ಮಕ್ಕಳ ಫೋನುಗಳಲ್ಲಿಯೂ ಇತ್ತು. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ವೀಡಿಯೋ ಮಾಡಿದವನು ಮರಾಠಿ ಮನೆಯ ಹುಡುಗನಲ್ಲ. ಅವನ ಮನೆಯಲ್ಲಿಯೂ ಕನ್ನಡವೇ. ಅವನ ‘ಚಾಕ’ವೂ ಅವಳ ‘ಚಾಕ’ದಂತೆಯೇ ಇತ್ತು.

ಶಾಲೆಯವರು ಮಾಡಬೇಕಾದುದನ್ನೆಲ್ಲ ಮಾಡಿದ್ದರು. ಫೋನು ಮುಖ್ಯಾಧ್ಯಾಪಕರ ಕಪಾಟು ಸೇರಿತ್ತು. ಪಾಲಕರನ್ನು ಕರೆಸಿದ್ದರು, ತಂದೆ ಮಗನಿಗೆ ಎಲ್ಲರೆದುರು ಎರಡು ಬಾರಿಸಿದ್ದರು. ಹುಡುಗ ಕ್ಷಮಾಪಣೆಯ ಪತ್ರವನ್ನು ದುಂಡಾದ ಅಕ್ಷರದಲ್ಲಿ ಬರೆದುಕೊಟ್ಟಿದ್ದ. ಅದಾದ ಮೇಲೆ ‘ನೀವೂ ನಾಲ್ಕು ಬುದ್ಧಿಮಾತು ಹೇಳಿರಿ’ ಎಂದು ನನ್ನನ್ನು ಕರೆದರು. ನಾನು ಬುದ್ಧಿ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ, ಸುಳ್ಳು ಹೇಳುವವನ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದವನ ದನಿಯಲ್ಲಿ, “ಬಾಯೀ, ನಾ ಅಕೀಗಿ ಏನೂ ಅಂದಿಲ್ರೀ. ವಿಡಿಯೋ ಅಷ್ಟ ಹಾಕೀನಿ” ಎಂದ.

ಆ ಮಾತು ನನ್ನನ್ನು ಬಹುಕಾಲ ಕಾಡಿತು. ಅವನ ಲೆಕ್ಕದಲ್ಲಿ ಹುಡುಗಿ ಬೇರೆ, ವೀಡಿಯೋ ಬೇರೆ. ಅವಳ ಮುಖ ನೋಡಿ ಅಣಕಿಸುವಷ್ಟು ಕೆಟ್ಟ ಹುಡುಗ ಅವನಲ್ಲ. ಅಣಕಿಸಿದ್ದರೆ ಅವಳ ಕಣ್ಣು ತುಂಬುವುದನ್ನು ಕಂಡು ತಾನೇ ನಿಲ್ಲಿಸುತ್ತಿದ್ದ. ನಾವು ಚಿಕ್ಕವರಿದ್ದಾಗ ಹಾಗೆಯೇ ನಿಲ್ಲಿಸಿದ್ದೇವೆ. ಇಲ್ಲಿ ಆ ಕಣ್ಣು ಅವನಿಗೆ ಕಾಣಿಸಲಿಲ್ಲ. ಅನುಕಂಪಕ್ಕೆ ಎದುರಿನ ನಡುಕ ಕಾಣಬೇಕು, ಇಲ್ಲವೇ ಕೇಳಬೇಕು. ಎರಡೂ ಇಲ್ಲದೆ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕೆಲಸ ಮಾಡುತ್ತದೆ.

ಇದು ಒಂದು ತರಗತಿಯ ತಂಟೆ, ಇಷ್ಟು ದೊಡ್ಡದು ಮಾಡಬೇಕೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದ್ದರಿಂದಲೇ ಎರಡನೆಯ ಸಂಗತಿಯನ್ನು ಹೇಳುತ್ತೇನೆ. 2018ರ ಜುಲೈ 1, ಭಾನುವಾರ. ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಊರಿನಲ್ಲಿ ಸಂತೆಯ ದಿನ. ಭಿಕ್ಷೆ ಬೇಡುತ್ತ ಊರೂರು ಅಲೆಯುವ ನಾಥಪಂಥಿ ಡವರಿ ಗೋಸಾವಿ ಸಮುದಾಯದ ಐವರು ಅಲ್ಲಿಗೆ ಹೋಗಿದ್ದರು. ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆ ಎಂಬ ಸುದ್ದಿ ಆ ದಿನಗಳಲ್ಲಿ ಫೋನಿನಿಂದ ಫೋನಿಗೆ ಹರಿಯುತ್ತಿತ್ತು. ಜನ ಅವರನ್ನು ಹಿಡಿದು ಪಂಚಾಯತಿಯ ಕೋಣೆಯಲ್ಲಿ ಕೂಡಿಹಾಕಿ ಹೊಡೆದರು. ಐವರೂ ಸತ್ತರು. ಅವರಲ್ಲಿ ಹೆಚ್ಚಿನವರು ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು.

ಮಂಗಳವೇಢೆ ಎಂದರೆ ಕನ್ನಡ ಕಲಿಸುವ ನಮಗೆ ಬಿಜ್ಜಳನ ಮಂಗಳವಾಡ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಕರಣಿಕರಾಗಿ ಕೆಲಸ ಮಾಡಿದರೆಂದು ಪಾಠ ಹೇಳುವ ಊರು. ನಮ್ಮ ಮಕ್ಕಳು ವಚನಗಳನ್ನು ಕಂಠಪಾಠ ಮಾಡಿ ಪೂರ್ಣ ಅಂಕ ಪಡೆಯುತ್ತಾರೆ. ಮನೆಗೆ ಹೋಗಿ ಫೋನು ತೆರೆಯುತ್ತಾರೆ.

ಆ ತಿಂಗಳುಗಳಲ್ಲಿ ದೇಶದ ತುಂಬ ತಿರುಗಿದ ವೀಡಿಯೋ ಒಂದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಓಣಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಮೋಟಾರ್ ಸೈಕಲ್ ಮೇಲೆ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗೆಗೆ ಎಚ್ಚರಿಸಲು ತಯಾರಿಸಿದ ಚಿತ್ರ. ಮೂಲದಲ್ಲಿ ಆ ಇಬ್ಬರು ತಿರುಗಿ ಬಂದು ಮಗುವನ್ನು ಇಳಿಸಿ, ಒಂದು ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದದ್ದು ನಮ್ಮ ಹಳ್ಳಿಗಳವರೆಗೆ ಬಂದಿತು. ಅದೇ ಜುಲೈ ತಿಂಗಳಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಾಡಿತು. 2020ರ ಏಪ್ರಿಲಿನಲ್ಲಿ, ಹಲವು ಬಾರಿ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದೆಂಬ ನಿಯಮ ತಂದಿತು. ಕಂಪನಿ ಮಾಡಿದ್ದು ಇಷ್ಟು: ಬೆರಳಿಗೆ ತಡೆ ಹಾಕಿತು. ಕಿವಿಯ ಕೆಲಸ ನಮ್ಮದಾಗಿ ಉಳಿಯಿತು.

ಇದೇ ಜಿಲ್ಲೆಯಲ್ಲಿ ಅದಕ್ಕೆ ಉತ್ತರವೂ ಹುಟ್ಟಿದೆ ಎಂಬುದನ್ನು ಮರೆಯಬಾರದು. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷದ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರಿನಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹತ್ತು ಲಕ್ಷ ಡಾಲರುಗಳ ಆ ಬಹುಮಾನದಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪಾಠ್ಯಪುಸ್ತಕದ ಕ್ಯೂಆರ್ ಕೋಡಿನಿಂದಾಗಿ ಅವರ ಹೆಸರು ನಮಗೆ ಪರಿಚಿತ. ಆದರೆ ನನಗೆ ಹೆಚ್ಚು ಮಹತ್ವದ್ದೆನಿಸುವುದು ಅವರ ಇನ್ನೊಂದು ಕೆಲಸ. ಭಾರತ ಮತ್ತು ಪಾಕಿಸ್ತಾನ, ಇಸ್ರೇಲ್ ಮತ್ತು ಪ್ಯಾಲೆಸ್ಟೈನ್, ಹೀಗೆ ಒಂದಕ್ಕೊಂದು ಮುನಿಸಿಕೊಂಡ ನಾಡುಗಳ ಹರೆಯದ ಮಕ್ಕಳನ್ನು ಅಂತರಜಾಲದ ಮೂಲಕ ಜೋಡಿ ಮಾಡಿ, ಕೆಲವು ವಾರಗಳ ಕಾಲ ಪರಸ್ಪರ ಮಾತನಾಡುವಂತೆ ಮಾಡಿದ್ದು. ಕರಾಚಿಯಿಂದ ಒಂದು ಕತ್ತರಿಸಿದ ವೀಡಿಯೋ ಬರುವುದಕ್ಕೂ, ಆ ದೇಶದ ಒಬ್ಬ ಹುಡುಗನ ದನಿ ಬರುವುದಕ್ಕೂ ಎಷ್ಟು ಅಂತರ! ಸಾಧನ ಅದೇ.

ಆದರೂ ನನ್ನದೊಂದು ಸಣ್ಣ ತಕರಾರಿದೆ, ವಿನಯದಿಂದಲೇ ಹೇಳುತ್ತೇನೆ. ದೂರದ ಗಡಿಯನ್ನು ದಾಟುವುದು ಮಕ್ಕಳಿಗೆ ಹಬ್ಬ. ಹೊಸ ದೇಶ, ಹೊಸ ಗೆಳೆಯ. ಊರ ಹೊರಗಿನ ಬಯಲಿನಲ್ಲಿ ಡೇರೆ ಹಾಕಿದವರ ಬಳಿಗೆ ನಡೆದು ಹೋಗುವುದು ಹಬ್ಬವಲ್ಲ. ರಾಯಿನಪಾಡಾದಲ್ಲಿ ಸತ್ತವರು ಪರದೇಶಿಗಳಲ್ಲ. ನಮ್ಮ ಬಾಗಿಲಲ್ಲಿ ನಿಂತು ಹಿಟ್ಟು ಬೇಡಿದವರು. ಅವರ ಹೆಸರನ್ನು ನಾವು ಯಾರೂ ಕೇಳಿರಲಿಲ್ಲ.

ಹಾಗಾದರೆ ತರಗತಿಯಲ್ಲಿ ಮಾಡುವುದೇನು? ನಾನು ಕೆಲವು ಶಾಲೆಗಳಲ್ಲಿ ಮಾಡಿ ನೋಡಿದುದನ್ನು ಹೇಳುತ್ತೇನೆ. ನಾಲ್ಕು ಮಕ್ಕಳಿಗೆ ಒಂದು ಫೋನು ಸಾಕು. ಅದು ಪಾಲಕರದ್ದೋ ಶಿಕ್ಷಕರದ್ದೋ ಇರಲಿ. ಮೊದಲು ಅದನ್ನು ಫ್ಲೈಟ್ ಮೋಡಿಗೆ ಹಾಕಬೇಕು, ಏಕೆಂದರೆ ಮಾತಿನ ನಡುವೆ ಟಿಣ್ ಎಂದರೆ ಮಾತು ಮುಗಿದಂತೆ. ಕ್ಯಾಮೆರಾ ಮುಟ್ಟುವಂತಿಲ್ಲ. ಊರಿನಲ್ಲಿದ್ದೂ ಮಕ್ಕಳು ಎಂದೂ ಮಾತನಾಡಿಸದ ಒಬ್ಬರ ಬಳಿಗೆ ಹೋಗಬೇಕು. ಧ್ವನಿ ಮುದ್ರಿಸಿಕೊಳ್ಳಲು ಅವರ ಒಪ್ಪಿಗೆ ಕೇಳಬೇಕು. ‘ನಿಮ್ಮ ನಿನ್ನೆಯ ದಿನ ಹೇಗೆ ಕಳೆಯಿತು’ ಎಂಬ ಒಂದೇ ಪ್ರಶ್ನೆ. ‘ನಿಮ್ಮ ತೊಂದರೆಗಳೇನು’ ಎಂದು ಕೇಳಕೂಡದು. ಆ ಪ್ರಶ್ನೆಯನ್ನು ಅವರು ಸಾಕಷ್ಟು ಜನರಿಂದ ಕೇಳಿದ್ದಾರೆ, ಅದಕ್ಕೆ ತಕ್ಕ ಉತ್ತರವೂ ಅವರ ಬಳಿ ಸಿದ್ಧವಾಗಿರುತ್ತದೆ. ಒಂದೆರಡು ನಿಮಿಷ ಮುದ್ರಿಸಿದರೆ ಸಾಕು. ಶಾಲೆಗೆ ಬಂದು ಅದರಲ್ಲಿ ಒಂದು ನಿಮಿಷವನ್ನು ಆರಿಸಿ, ಶಬ್ದಕ್ಕೆ ಶಬ್ದ, ಕೆಮ್ಮು ನಿಟ್ಟುಸಿರು ಸಹಿತ ಬರೆಯಬೇಕು. ಆಮೇಲೆ ತಿರುಗಿ ಹೋಗಿ, ಬರೆದುದನ್ನು ಅವರಿಗೇ ಓದಿ ಹೇಳಬೇಕು.

ಬರೆಯುವ ಕೆಲಸ ಸುಲಭವೆಂದು ತಿಳಿಯಬೇಡಿ. ಒಂದು ನಿಮಿಷದ ಮಾತಿಗೆ ನಲವತ್ತು ನಿಮಿಷದ ತಾಸು ಸಾಲದು. ಮಕ್ಕಳು ಒಂದೇ ವಾಕ್ಯವನ್ನು ಹತ್ತು ಬಾರಿ ಕೇಳುತ್ತಾರೆ. ಚುರುಕಾದ ಹುಡುಗನೊಬ್ಬ ಒಮ್ಮೆ ಫೋನಿನ ಧ್ವನಿ ಟೈಪಿಂಗಿಗೆ ತನ್ನ ಆಯಿಯ ಮಾತನ್ನು ಕೇಳಿಸಿ ಕೆಲಸ ತಪ್ಪಿಸಿಕೊಳ್ಳಲು ನೋಡಿದ. ಅರ್ಧ ಮರಾಠಿ ಬೆರೆತ ನಮ್ಮ ಅಕ್ಕಲಕೋಟೆಯ ಕನ್ನಡ, ಅದೂ ಹಲ್ಲಿಲ್ಲದ ಬಾಯಿಯದು, ಯಂತ್ರಕ್ಕೆ ದಕ್ಕಲಿಲ್ಲ, ಏನೇನೋ ಬರೆಯಿತು. ‘ಆಯಿ ಹೀಂಗ ಅಂದಿಲ್ರೀ’ ಎಂದು ಅವನೇ ಸಿಟ್ಟಾದ. ಆ ಸಿಟ್ಟು ನನಗೆ ಬಹಳ ಹಿಡಿಸಿತು.

ಮೇಲೆ ಹೇಳಿದ ಆ ಶಾಲೆಯಲ್ಲಿಯೇ, ಅದೇ ವರ್ಷದ ಚಳಿಗಾಲದಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹುಡುಗಿ ಹನ್ನೆರಡು ದಿನಗಳ ಬಳಿಕ ಶಾಲೆಗೆ ಮರಳಿದ್ದಳು. ಮರಾಠಿ ತಾಸಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ದೀಪಾವಳಿಯ ನಂತರ ನಮ್ಮ ಸಕ್ಕರೆ ಕಾರಖಾನೆಗಳು ಶುರುವಾದವೆಂದರೆ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಊರ ಹೊರಗೆ ಗುಡಿಸಲು ಹಾಕುವುದು ನಿಮಗೆ ಗೊತ್ತು. ಜತ್ತ ತಾಲೂಕಿನ ಶಿಕ್ಷಕರಿಗೆ ಇದರ ಇನ್ನೊಂದು ಮುಖ ಗೊತ್ತು; ಅಲ್ಲಿ ಪಟದಲ್ಲಿ ಹೆಸರಿರುವ ಮಕ್ಕಳೇ ತಂದೆತಾಯಿಗಳ ಬೆನ್ನ ಹಿಂದೆ ಹೊರಟುಬಿಡುತ್ತಾರೆ, ಬಾಕು ಬರಿದಾಗುತ್ತದೆ. ಈ ಶಾಲೆಯ ನಾಲ್ಕು ಮಕ್ಕಳ ಒಂದು ಗುಂಪು ಆ ಗುಡಿಸಲುಗಳಿಗೆ ಹೋಯಿತು. ಗುಂಪಿನಲ್ಲಿ ಆ ಹುಡುಗಿಯೂ ಇದ್ದಳು, ವೀಡಿಯೋ ಮಾಡಿದ ಹುಡುಗನೂ ಇದ್ದ. ನಾನು ಬೇಕೆಂದು ಸೇರಿಸಿದ್ದಲ್ಲ. ಹಾಜರಿ ಪಟದ ಕ್ರಮದಲ್ಲಿ ಹಾಗೆ ಬಂತು. ಬದಲಿಸಲೇ ಎಂದು ಯೋಚಿಸಿ, ಹುಡುಗಿಯನ್ನು ಕೇಳಿದೆ. ‘ಇರ್ಲಿ’ ಎಂದಳು.

ಅಲ್ಲಿ ಒಬ್ಬ ಹೆಂಗಸು ಮಾತಿಗೆ ಒಪ್ಪಿದಳು. ನಸುಕಿನ ಮೂರಕ್ಕೆ ಎದ್ದು ರೊಟ್ಟಿ ಮಾಡಿ, ಗಂಡನೊಡನೆ ಹೊಲಕ್ಕೆ ಹೋಗಿ, ಅವನು ಕಡಿದ ಕಬ್ಬನ್ನು ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ಹಲಗೆಯೇರಿ ಟ್ರಕ್ಕಿಗೆ ತುಂಬುವುದನ್ನು ಹೇಳಿದಳು. ಮುಕಾದಮನಿಂದ ಪಡೆದ ಮುಂಗಡ ಎಷ್ಟು ಟನ್ನಿಗೆ ತೀರುತ್ತದೆ ಎಂಬ ಲೆಕ್ಕ ಹೇಳಿದಳು. ನಡುವೆ ಮಗು ಅತ್ತಿತು. ಮಕ್ಕಳು ಅದನ್ನು ಬಿಟ್ಟಿರಲಿಲ್ಲ; ‘ಇಲ್ಲಿ ಕೂಸು ಅಳುತ್ತದೆ, ಅವರು ಮಾತು ನಿಲ್ಲಿಸುತ್ತಾರೆ’ ಎಂದು ಬರೆದುಕೊಂಡಿದ್ದರು. ಎಲ್ಲ ಮರಾಠಿಯಲ್ಲಿ. ಇವರು ಕನ್ನಡಕ್ಕೆ ತಂದರು. ಮಾತಿನ ನಡುವೆ ಅವಳು ‘ಆಮ್ಹೀ ಕಷ್ಟ ಕರತೋ’ ಎಂದಿದ್ದಳು. ನಮ್ಮ ಮಕ್ಕಳು ‘ನಮಗೆ ಬಹಳ ಕಷ್ಟ’ ಎಂದು ಬರೆದರು. ಎರಡನೆಯ ಸಲ ಹೋದಾಗ ತಮ್ಮ ಕನ್ನಡವನ್ನು ಮತ್ತೆ ಮರಾಠಿ ಮಾಡಿ ಓದಿ ಹೇಳಿದರು. ‘ಕಷ್ಟ’ ಈಗ ‘ತ್ರಾಸ’ ಆಗಿತ್ತು. ಹೆಂಗಸು ತಡೆದಳು. ತ್ರಾಸ ಅಂತ ನಾನೆಲ್ಲಿ ಹೇಳಿದೆ? ಕಷ್ಟ ಅಂದೆ. ದುಡಿಯುತ್ತೇವೆ ಅಂದೆ.

ನೋಡಿರಿ, ಒಂದೇ ಶಬ್ದ. ಮರಾಠಿಯಲ್ಲಿ ‘ಕಷ್ಟ ಮಾಡುವುದು’ ಎಂದರೆ ಬೆವರು ಸುರಿಸಿ ದುಡಿಯುವುದು, ಅದರಲ್ಲಿ ಹೆಮ್ಮೆಯಿದೆ. ನಮ್ಮ ಕಿವಿಗೆ ಬಿದ್ದದ್ದು ಗೋಳು. ಮಕ್ಕಳು ಬೇಕೆಂದು ತಪ್ಪು ಮಾಡಲಿಲ್ಲ. ಗುಡಿಸಲಿನಲ್ಲಿರುವವರು ಗೋಳನ್ನೇ ಹೇಳುತ್ತಾರೆ ಎಂದು ಮೊದಲೇ ನಿರ್ಧರಿಸಿದ್ದರು, ಅದನ್ನೇ ಕೇಳಿಸಿಕೊಂಡರು. ಕನಿಕರಕ್ಕೂ ಅನುಕಂಪಕ್ಕೂ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಗೊತ್ತಿಲ್ಲ. ಓದಿ ಹೇಳುವ ಹಂತವನ್ನು ಬಿಟ್ಟಿದ್ದರೆ ನಾವು ಆ ತಪ್ಪನ್ನೇ ಗೋಡೆ ಪತ್ರಿಕೆಯಲ್ಲಿ ಅಂಟಿಸಿ, ಒಳ್ಳೆಯ ಕೆಲಸ ಮಾಡಿದೆವೆಂದು ತಿಳಿಯುತ್ತಿದ್ದೆವು.

ಇನ್ನೊಂದು ನಡೆಯಿತು. ಇವರ ಮರಾಠಿಯನ್ನು ಕೇಳಿ ಗುಡಿಸಲಿನ ಮಕ್ಕಳು ನಕ್ಕರು. ಬೀಡದ ಮಕ್ಕಳಿಗೆ ಇವರ ‘ಚ’ಕಾರ ತಮಾಷೆಯಾಗಿ ಕೇಳಿಸಿತು. ನಾಲ್ವರದ್ದೂ. ತಿರುಗಿ ಬರುವ ದಾರಿಯಲ್ಲಿ ಯಾರಿಗೆ ಏನು ನೆನಪಾಯಿತೋ ನನಗೆ ತಿಳಿಯದು, ನಾನು ಕೇಳಲಿಲ್ಲ. ಹುಡುಗ ಆ ಹುಡುಗಿಗೆ ಎರಡನೆಯ ಕ್ಷಮಾಪಣೆ ಕೇಳಿದನೆಂದು ನಾನು ಹೇಳುವುದಿಲ್ಲ, ಏಕೆಂದರೆ ಕೇಳಿದಂತೆ ಕಾಣಲಿಲ್ಲ. ಬರವಣಿಗೆಯಲ್ಲಿ ಅವರ ನಾಲ್ವರ ಅಕ್ಷರಗಳೂ ಒಂದೇ ಹಾಳೆಯಲ್ಲಿದ್ದವು ಎಂಬುದಷ್ಟೇ ನಾನು ಕಂಡದ್ದು.

ಈ ಚಟುವಟಿಕೆಗೆ ಅಂಕ ಕೊಡಬೇಡಿರಿ ಎಂಬುದು ನನ್ನ ಪ್ರಾರ್ಥನೆ. ಬರವಣಿಗೆಗೆ, ಭಾಷಾಂತರಕ್ಕೆ ಬೇಕಾದರೆ ಕೊಡಿರಿ. ಅನುಕಂಪಕ್ಕೆ ಹತ್ತರಲ್ಲಿ ಎಂಟು ಎಂದು ಹಾಕಿದ ದಿನ ಮಕ್ಕಳು ಅದನ್ನು ನಟಿಸಲು ಕಲಿಯುತ್ತಾರೆ. ವೇಳೆಯಿಲ್ಲ ಎಂಬ ಮಾತಿಗೆ ಉತ್ತರ ಸರಳ: ಇದು ಭಾಷೆಯ ತಾಸಿನ ಕೆಲಸವೇ. ಶ್ರವಣ, ಲೇಖನ, ಅನುವಾದ ಮೂರೂ ಇದರಲ್ಲಿವೆ. ಫೋನಿಲ್ಲದ ಮನೆಯ ಮಗುವಿಗೆ ಬರೆಯುವ ಕೆಲಸ ಕೊಡಬೇಡಿ, ಮುದ್ರಿಸುವ ಕೆಲಸ ಕೊಡಿರಿ. ಫೋನು ಅವನ ಕೈಯಲ್ಲಿರಲಿ.

ಕೊನೆಗೆ ಒಂದು ಎಚ್ಚರಿಕೆ, ಅದೂ ನನ್ನ ತಪ್ಪಿನಿಂದಲೇ ಬಂದದ್ದು. ಬೇರೊಂದು ಶಾಲೆಯ ಹತ್ತನೆಯ ವರ್ಗದ ಹುಡುಗನೊಬ್ಬ ತನ್ನ ತಾಯಿಯ ಮಾತನ್ನೇ ಮುದ್ರಿಸಿದ್ದ. ಮನೆಯ ಸಾಲದ ವಿಷಯ, ಯಾರ ಬಳಿ ಎಷ್ಟು ತಂದದ್ದು ಎಂಬುದೆಲ್ಲ ಅದರಲ್ಲಿತ್ತು. ಮುದ್ರಣ ಬಹಳ ಚೆನ್ನಾಗಿತ್ತು. ಮಾದರಿಯಾಗಲೆಂದು ಅದನ್ನು ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಸರು ಹೇಳಿರಲಿಲ್ಲ; ಆದರೆ ದನಿಗೆ ಹೆಸರು ಬೇಕೆ? ತಿಂಗಳೊಳಗೆ ಅದು ಅವನ ಊರಿಗೇ ತಲುಪಿತು. ನಾನು ಆ ಶಾಲೆಗೆ ಮತ್ತೆ ಹೋದಾಗ ಅವನು ಸಿಟ್ಟಿನಿಂದ ಮಾತನಾಡಲಿಲ್ಲ. “ನೀವೂ ಹಾಕಿದ್ರೆಲ್ರೀ, ಬಾಯೀ” ಎಂದ, ಅಷ್ಟೇ. ನಾನು ಅವನ ಮನೆಗೆ ಹೋಗಿ ತಾಯಿಯ ಎದುರು ಕುಳಿತು ತಪ್ಪಾಯಿತೆಂದೆ. ಅವರು ಚಹಾ ಕೊಟ್ಟರು. ಸಾಲ ಕೊಟ್ಟವರು ಬಾಗಿಲಿಗೆ ಬಂದು ಹೋಗಿದ್ದರಂತೆ.

ಅಂದಿನಿಂದ ನನ್ನ ನಿಯಮ ಹೀಗಿದೆ. ಧ್ವನಿ ಆ ಫೋನನ್ನು ಬಿಟ್ಟು ಹೊರಗೆ ಹೋಗಬಾರದು. ಓದಿ ಹೇಳಿದ ಮೇಲೆ, ಮಾತನಾಡಿದವರು ಅಳಿಸು ಎಂದರೆ ಅವರ ಕಣ್ಣೆದುರೇ ಅಳಿಸಬೇಕು. ಇರಲಿ ಎಂದರೂ ಶಾಲೆಯ ಗುಂಪಿಗೆ, ಶಿಕ್ಷಕರ ಗುಂಪಿಗೆ, ಮೇಲಧಿಕಾರಿಗಳಿಗೆ ಕಳಿಸುವಂತಿಲ್ಲ. ಚಟುವಟಿಕೆಯ ಪುರಾವೆ ಕೇಳಿದರೆ ಹೆಸರು, ಊರು ತೆಗೆದ ಬರವಣಿಗೆಯ ಹಾಳೆ ತೋರಿಸಿರಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆಯೂ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಮಕ್ಕಳ ಧ್ವನಿಯಿದ್ದಲ್ಲಿ ಪಾಲಕರ ಒಪ್ಪಿಗೆಯನ್ನು ಬರೆಯಿಸಿಕೊಳ್ಳುವುದು ಒಳಿತು.

ಮಧ್ಯಾಹ್ನದ ಅವಧಿಯಲ್ಲಿ ನಾವೇ ಇದನ್ನು ಮಾಡಿ ನೋಡೋಣ. ಪಕ್ಕದಲ್ಲಿ ಕುಳಿತವರು ಬೇಡ. ಈ ಮೂರು ದಿನಗಳಲ್ಲಿ ನೀವು ಇನ್ನೂ ಮಾತನಾಡಿಸದ ಒಬ್ಬರನ್ನು ಹುಡುಕಿಕೊಳ್ಳಿರಿ. ಅಡುಗೆ ಮನೆಯಲ್ಲಿ ನಮಗಾಗಿ ಬೆಳಗಿನಿಂದ ರೊಟ್ಟಿ ಬಡಿಯುತ್ತಿರುವ ಇಬ್ಬರು ತಾಯಂದಿರೂ ಇದ್ದಾರೆ. ಅವರನ್ನು ನಾನು ಊಟದ ಹೊತ್ತಿಗೆ ಕೇಳಿಕೊಂಡು ಬರುತ್ತೇನೆ, ಒಪ್ಪಿದರೆ ಮಾತ್ರ. ಫೋನುಗಳಿಗೆ ಚಾರ್ಜು ಹಾಕಿಡಿರಿ. ಒಂದು ಹಾಳೆ, ಒಂದು ಪೆನ್ಸಿಲು ತನ್ನಿರಿ. ಪೆನ್ನು ಬೇಡ, ಬಹಳ ಸಲ ಅಳಿಸಬೇಕಾಗುತ್ತದೆ.